ಸುಣ್ಣದ ಗೆರೆಯ ಹುಲ್ಲಿನ ಶೆಡ್ಡು

ನನ್ನ ಕೋಪದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೊಲಿದು, ಇಸ್ತ್ರಿ ಮಾಡಿ, ಮಡಿಸಿಟ್ಟ ರೇಷ್ಮೆ ರವಿಕೆಯ ಮೇಲೆ ಒಂದೇ ಒಂದು ಹುಲ್ಲಿನ ಎಳೆ ಕಂಡರೂ ನನಗೆ ನೆತ್ತಿ ಬಿಸಿಯಾಗುತ್ತದೆ. ಈಗಲೂ ಅಷ್ಟೇ. ಎಪ್ಪತ್ತರ ದಶಕ ಮುಗಿದು ಎಂಬತ್ತು ಹುಟ್ಟುತ್ತಿದ್ದ ಆ ದಿನಗಳಲ್ಲಂತೂ ನನ್ನ ನೆತ್ತಿ ತಣ್ಣಗಿದ್ದದ್ದೇ ಕಡಿಮೆ. ಏಕೆಂದರೆ ನನ್ನ ಹೊಲಿಗೆ ಮಿಷನ್ನೂ ಆರು ಹಸುಗಳ ಮೇವೂ ಒಂದೇ ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದವು.

ನಾನು ಗಂಗಾನಗರದಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಬಂದದ್ದು ಬ್ಯಾಟರಾಯನಪುರ ದಾಟಿ ಜಕ್ಕೂರಿನ ಕಡೆಗಿದ್ದ ತೋಟದ ಮನೆಗೆ. ದೂರವೇನಲ್ಲ, ಒಂದು ಬಸ್ಸು, ಆಮೇಲೆ ಸ್ವಲ್ಪ ನಡಿಗೆ. ತವರಿನಿಂದ ತಂದ ಸಾಮಾನಿನಲ್ಲಿ ನನಗೆ ಜೀವವಾಗಿದ್ದದ್ದು ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು. ಮದುವೆಗೆ ಮುಂಚೆಯೇ ನಾಲ್ಕು ಬೀದಿಯ ಹೆಂಗಸರಿಗೆ ರವಿಕೆ ಹೊಲಿದು ಹೆಸರು ತೆಗೆದಿದ್ದೆ. ಮದುವೆಯಾದ ಮೇಲೂ ಅವರು ನನ್ನನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಹೋಗಿ ಬಟ್ಟೆ ತರುತ್ತಿದ್ದೆ, ಮುಂದಿನ ವಾರ ಹೊಲಿದು ಕೊಡುತ್ತಿದ್ದೆ. ಮನೆಯಲ್ಲಿ ಇದ್ದದ್ದು ನಾಲ್ಕೇ ಜನ. ಅತ್ತೆ, ಮಾವ, ಯಶವಂತಪುರದ ಕಡೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು, ಮತ್ತೆ ನಾನು.

ಮಾವನಿಗೆ ಆಗ ಎಪ್ಪತ್ತರ ಹತ್ತಿರ ವಯಸ್ಸು. ಒಣಗಿದ ರಾಗಿ ಹುಲ್ಲನ್ನು ಗುಡ್ಡದ ಹಾಗೆ ಒಟ್ಟುವುದಕ್ಕೆ ನಮ್ಮ ಕಡೆ ಮೆದೆ ಹಾಕುವುದು ಅನ್ನುತ್ತಾರೆ. ಆ ಕೆಲಸದಲ್ಲಿ ಸುತ್ತಮುತ್ತ ಮಾವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವರು ಹಾಕಿದ ಮೆದೆಯೊಳಗೆ ಎಂಥ ಮಳೆಯಲ್ಲೂ ಒಂದು ಹನಿ ಇಳಿಯುತ್ತಿರಲಿಲ್ಲವಂತೆ. ನಾನು ಮದುವೆಯಾಗಿ ಬಂದ ವರ್ಷವೇ ಅವರಿಗೆ ಜ್ವರ ಬಂದು ಎರಡು ತಿಂಗಳು ಮಲಗಿಬಿಟ್ಟರು. ಆ ಸಲ ಯಜಮಾನರು ಕಾರ್ಖಾನೆಯ ಗೆಳೆಯರನ್ನು ಕಟ್ಟಿಕೊಂಡು ಬಂದು ಮೆದೆ ಹಾಕಿದರು. ಅದು ಹಾಕಿದ ದಿನವೇ ಒಂದು ಕಡೆಗೆ ವಾಲಿಕೊಂಡು ನಿಂತಿತ್ತು. ಮೊದಲ ಮಳೆಗೆ ನೀರು ಕುಡಿಯಿತು, ಎರಡನೆಯದಕ್ಕೆ ವಾಸನೆ ಹೊಡೆಯಿತು. ಉಳಿದ ಒಣ ಹುಲ್ಲನ್ನೆಲ್ಲ ತಂದು ಪಡಸಾಲೆಯ ಪಕ್ಕದ ಕೋಣೆಗೆ ತುಂಬಿದರು. ಆ ಕೋಣೆಯ ಕಿಟಕಿಯ ಹತ್ತಿರವೇ ನನ್ನ ಮಿಷನ್ನು ಇತ್ತು.

ಆಮೇಲೆ ನನ್ನ ಪಾಡು ಕೇಳಬೇಡಿ. ಹುಲ್ಲಿನ ಧೂಳು ದಾರದ ಉಂಡೆಗೆ ಮೆತ್ತಿಕೊಳ್ಳುತ್ತಿತ್ತು. ಸೂಜಿ ತಡವರಿಸುತ್ತಿತ್ತು. ಗಂಗಾನಗರದ ಟೀಚರೊಬ್ಬರು ತಂಗಿಯ ನಿಶ್ಚಿತಾರ್ಥಕ್ಕೆಂದು ನನ್ನ ಹತ್ತಿರ ರವಿಕೆ ಹೊಲಿಸಿಕೊಂಡು, ತಟ್ಟೆ ಬದಲಾಯಿಸುವ ಹೊತ್ತಿನಲ್ಲಿ ಬೆನ್ನು ಕೆರೆದುಕೊಳ್ಳುತ್ತಾ ನಿಂತಿದ್ದರಂತೆ. ಮುಂದಿನ ವಾರ ಹೋದಾಗ ನಗುತ್ತಲೇ ಕೇಳಿದರು.

"ಏನಮ್ಮ, ನನಗೆ ಕೊಡೋಕ್ ಮುಂಚೆ ನಿಮ್ಮನೆ ಹಸುಗೆ ಹಾಕಿ ನೋಡಿದ್ಯಾ?"

ಅವರು ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ಕೂತಾಗ ಕಣ್ಣಲ್ಲಿ ನೀರು ಬಂತು. ನನ್ನ ಕೈಗೆ ಬಂದ ಕೆಟ್ಟ ಹೆಸರು ನನಗೆ ಸಹಿಸುವುದಕ್ಕೆ ಆಗುವುದಿಲ್ಲ.

ಸಂಜೆ ಊಟಕ್ಕೆ ಕೂತಾಗ, ಸಾರು ಬಡಿಸುವ ಸೌಟನ್ನೇ ಕೈಯಲ್ಲಿ ಹಿಡಿದು ನಾನು ಒಂದೇ ಸಮನೆ ಹೇಳಿಬಿಟ್ಟೆ. ಒಂದೋ ಆ ಕೋಣೆಯಲ್ಲಿ ಹುಲ್ಲು ಇರಬೇಕು, ಇಲ್ಲ ನಾನಿರಬೇಕು. ಯಜಮಾನರು ಮುದ್ದೆ ಮುರಿಯುತ್ತಿದ್ದವರು ತಲೆ ಎತ್ತಿದರು. ಅವರಿಗೂ ಮನಸ್ಸಿನಲ್ಲಿ ಏನೋ ಇತ್ತೆಂದು ಕಾಣುತ್ತದೆ.

"ಯಶವಂತಪುರದ ಗುಜರಿ ಅಂಗಡೀಲಿ ಹಳೇ ಜಿಂಕ್ ಶೀಟು ರಾಶಿ ಬಿದ್ದಿದೆ. ಯಾವ್ದೋ ಗೋಡೌನ್ ಬಿಚ್ಚಿದ್ದಂತೆ. ತಂದು ಹುಲ್ಲಿಗೇಂತ ಒಂದು ಶೆಡ್ಡು ಹೊಡ್ಸಿಬಿಡೋಣ. ಅಪ್ಪಂಗೂ ವಯಸ್ಸಾಯ್ತು, ಇನ್ನೆಷ್ಟು ವರ್ಷ ಮೆದೆ ಹತ್ತಿ ಇಳೀತಾರೆ."

ಅತ್ತೆ ಮಜ್ಜಿಗೆ ಬಿಡುತ್ತಾ ನನ್ನ ಕಡೆ ತಿರುಗಿ ಹೇಳಿದರು, "ಉಲ್ಲು ಆಚೆಗೆ ಓದ ದಿನ ಆ ಕೋಣೆ ನಿಂದು ಕಣಮ್ಮ. ಬಾಗ್ಲು, ಕಿಟ್ಕಿ, ಗೂಡು, ಎಲ್ಲ ನಿಂದೇ."

ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಾವ ಮಾತ್ರ ತಟ್ಟೆ ನೋಡುತ್ತಾ ಒಂದೇ ಮಾತು ಅಂದರು, "ತಗ್ಡಿನ ಕೆಳಗೆ ಉಲ್ಲು ಬೆವರ್ತದೆ." ಕೈ ತೊಳೆದುಕೊಂಡು ಎದ್ದು ಹೋದರು. ಮಗ ತನ್ನನ್ನು ಮುದುಕ ಅಂದದ್ದು ಅವರಿಗೆ ಚುಚ್ಚಿತ್ತು. ಅದು ನನಗೆ ಗೊತ್ತಾಗಿತ್ತು, ಆದರೆ ನನ್ನ ತಲೆಯಲ್ಲಿ ಆಗಲೇ ಕಿಟಕಿಗೆ ಪರದೆ ಕಟ್ಟುವ ಯೋಚನೆ ನಡೆದಿತ್ತು.

ಶೀಟುಗಳು ಟೆಂಪೋದಲ್ಲಿ ಬಂದವು. ಎಲ್ಲ ಎಂಟಡಿ ಉದ್ದದವು, ಅಲ್ಲಲ್ಲಿ ಮೊಳೆಯ ತೂತು, ಒಂದೆರಡು ಕಡೆ ತುಕ್ಕು. ಅಂಗಡಿಯವನ ಹತ್ತಿರ ಇದ್ದದ್ದೇ ಅಷ್ಟು, ಇನ್ನೊಂದು ಬೇಕೆಂದರೂ ಸಿಗುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ಯಜಮಾನರು ಅಂಗಳದಲ್ಲಿ ಅವನ್ನು ಅಂಚಿಗೆ ಅಂಚು ತಾಗಿಸಿ ಸಾಲಾಗಿ ಹರಡಿದರು. ಆ ತುದಿಯಿಂದ ಈ ತುದಿಗೆ ನಡೆದು ಅಳೆದು ಸೊಂಟಕ್ಕೆ ಕೈ ಕೊಟ್ಟು ನಿಂತರು.

"ನೋಡೇ, ಇಪ್ಪತ್ನಾಲ್ಕಡಿ ಉದ್ದದ ಶೆಡ್ಡು."

"ರೀ, ಹೊಲಿಗೆಗೆ ಎಷ್ಟು ಬಿಟ್ಟಿದೀರಾ?"

"ಹೊಲಿಗೆಗಾ? ಇದು ಶೆಡ್ಡು ಕಣೆ, ಲಂಗ ಅಲ್ಲ."

"ಎರಡು ತುಂಡು ಬಟ್ಟೇನ ಅಂಚಿಗೆ ಅಂಚು ಇಟ್ಟು ಹೊಲಿಯಕ್ಕಾಗತ್ತಾ? ಒಂದರ ಮೇಲೊಂದು ಹತ್ತಬೇಕು. ಇಲ್ದಿದ್ರೆ ಮಳೆ ನೀರು ನಡುವೆ ಇಳಿಯಲ್ವಾ?"

ಅವರು ಶೀಟುಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಗ್ಗಿ ಒಂದೊಂದನ್ನೇ ಪಕ್ಕದ್ದರ ಮೇಲೆ ಹತ್ತಿಸತೊಡಗಿದರು. ಇಪ್ಪತ್ನಾಲ್ಕು ಅಡಿ ಇಪ್ಪತ್ತಕ್ಕೆ ಇಳಿಯಿತು. ಅವತ್ತಿನಿಂದ ಶೆಡ್ಡಿನ ಅಳತೆಯ ಕೆಲಸ ನನ್ನ ಪಾಲಿಗೆ ಬಂತು. ನಾನೂ ಟೇಪನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ತೋಟದ ತುಂಬ ಓಡಾಡಿದೆ. ಆ ಜಂಬ ನೆನೆಸಿಕೊಂಡರೆ ಈಗ ನಗು ಬರುತ್ತದೆ.

ಎಷ್ಟು ದೊಡ್ಡ ಶೆಡ್ಡು ಬೇಕೆಂದು ತಿಳಿಯಲು ನಾನು ಹುಲ್ಲಿನ ಅಳತೆ ತೆಗೆದೆ. ಮಾವ ಜ್ವರಕ್ಕೆ ಮುಂಚೆ ಹಾಕುತ್ತಿದ್ದ ಮೆದೆಯ ಕಲ್ಲುಹಾಸು ಕಣದ ಅಂಚಿನಲ್ಲಿ ಹಾಗೇ ಇತ್ತು. ಉದ್ದ ಅಗಲ ಅದರಿಂದ ಸಿಕ್ಕಿತು. ಎತ್ತರಕ್ಕೆ ಅತ್ತೆ ಪಕ್ಕದ ತೆಂಗಿನಮರ ತೋರಿಸಿ, ಮೆದೆ ಇಲ್ಲಿವರೆಗೂ ಬರ್ತಿತ್ತು ಎಂದು ಗುರುತು ಹೇಳಿದರು. ಅಷ್ಟು ಹುಲ್ಲು ಹಿಡಿಯಲು ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲ, ಒಂಬತ್ತಡಿ ಎತ್ತರ ಸಾಕೆಂದು ಲೆಕ್ಕ ಬಂತು. ಕಾಗದದ ಮೇಲೆ ಬರೆದು ತೋರಿಸಿದರೆ ಅತ್ತೆಗೆ ಅದು ತಲೆಗೆ ಹತ್ತಲಿಲ್ಲ.

"ಇದೆಲ್ಲ ನಂಗೆ ತಿಳೀದು. ನೆಲದ ಮೇಲೆ ಬರಿ, ಓಡಾಡಿ ನೋಡಾನ," ಅಂದರು.

ನಮ್ಮ ಕಡೆ ಮನೆ ಕಟ್ಟುವಾಗ ಪಾಯ ತೆಗೆಯುವುದಕ್ಕೆ ಮುಂಚೆ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಹುಲ್ಲಿನ ಶೆಡ್ಡಿಗೂ ಅದೇ ಮರ್ಯಾದೆ ಸಿಕ್ಕಿತು. ನಾನು ದಾರ ಹಿಡಿದೆ, ಅತ್ತೆ ರಂಗೋಲಿಯ ಕೈಯಲ್ಲಿ ಸುಣ್ಣ ಬಿಟ್ಟರು. ಬಾಗಿಲು ಬರಬೇಕಾದ ಜಾಗದಲ್ಲಿ ಒಂದು ಪುಟ್ಟ ತಾವರೆಯನ್ನೂ ಬಿಡಿಸಿದರು. ಅಲ್ಲಿಗೆ ಅತ್ತೆಯ ಮಟ್ಟಿಗೆ ಶೆಡ್ಡು ಕಟ್ಟಿ ಮುಗಿಯಿತು. ಮಾರನೆಯ ದಿನದಿಂದ ಕೊಟ್ಟಿಗೆಗೆ ಹೋಗುವಾಗ ಅವರು ಗೆರೆ ದಾಟುತ್ತಲೇ ಇರಲಿಲ್ಲ. ತಲೆಯ ಮೇಲೆ ಹುಲ್ಲಿನ ಹೊರೆ ಇದ್ದರೂ ಸುತ್ತಿ ಬಂದು ತಾವರೆಯ ಬಾಗಿಲಲ್ಲೇ ಒಳಗೆ ಹೋಗಿ ಹೊರಗೆ ಬರುತ್ತಿದ್ದರು. ಒಂದು ದಿನ ಪೋಸ್ಟಿನವರು ನೇರವಾಗಿ ಕಣದ ಮೇಲೆ ನಡೆದು ಬಂದಾಗ ಕೂಗಿ ನಿಲ್ಲಿಸಿದರು.

"ಅದೇನ್ರೀ, ಗೋಡೆ ಮೇಲ್ ನಡ್ಕೊಂಡ್ ಬರ್ತಿದೀರಲ್ಲ. ಬಾಗ್ಲು ಕಾಣಾಕಿಲ್ವಾ?"

ಪಾಪ, ಆ ಮನುಷ್ಯ ಗಾಬರಿಯಾಗಿ ಕಾಲು ಹಿಂದಕ್ಕೆ ಇಟ್ಟರು. ಸುತ್ತಿ ಬಂದು ತಾವರೆ ದಾಟಿ ಕಾಗದ ಕೊಟ್ಟು ಅದೇ ದಾರಿಯಲ್ಲಿ ಹೋದರು. ಆಮೇಲೆ ಅವರಿಗೂ ಅದೇ ಅಭ್ಯಾಸವಾಯಿತು.

ಆಟದ ಹಾಗೆ ಕಂಡರೂ ಇದರಿಂದ ಉಪಯೋಗವಾಯಿತು. ಹತ್ತು ದಿನ ಹಾಗೆ ಓಡಾಡಿದ ಮೇಲೆ ಅತ್ತೆ ಒಂದು ಬೆಳಿಗ್ಗೆ ತಾವರೆಯನ್ನು ಗುಡಿಸಿ ಅಳಿಸಿದರು. ರಸ್ತೆಯ ಕಡೆಗಿದ್ದ ಬಾಗಿಲನ್ನು ಕೊಟ್ಟಿಗೆಯ ಕಡೆಗೆ ತಿರುಗಿಸಿ ಬರೆದರು. ದಿನಕ್ಕೆ ಎರಡು ಹೊತ್ತು ಹುಲ್ಲು ಹಿರಿದು ಹೊರುವವರು ಅವರು, ಅವರ ಕಾಲಿಗೆ ಗೊತ್ತಾದದ್ದು ನನ್ನ ಟೇಪಿಗೆ ಗೊತ್ತಾಗಿರಲಿಲ್ಲ. ಮಳೆ ಹನಿದು ಗೆರೆ ಕಲಸಿದರೆ ಮತ್ತೆ ಎಳೆಯುತ್ತಿದ್ದೆವು. ಶೆಡ್ಡಿನ ಗೋಡೆಗಳನ್ನು ಲೆಕ್ಕಕ್ಕೆ ಇಡದೆ ನಡೆಯುತ್ತಿದ್ದವರು ಇಬ್ಬರೇ, ಹಸುಗಳು ಮತ್ತು ಮಾವ. ಹಸುಗಳು ತಿಳಿಯದೆ ನಡೆಯುತ್ತಿದ್ದವು. ಮಾವ ಬೇಕೆಂದೇ ಗೆರೆಯ ಮೇಲೆ ಕಾಲೆಳೆದುಕೊಂಡು ಹೋಗುತ್ತಿದ್ದರು.

ಬೆಸುಗೆ ಹಾಕುವ ಮೇಸ್ತ್ರಿ ಗಂಗಾನಗರದವರೇ, ನಮ್ಮ ತವರಿನ ಬೀದಿಯ ಕಿಟಕಿ ಗೇಟುಗಳೆಲ್ಲ ಅವರ ಕೈಯವು. ಮನೆಯಲ್ಲಿ ಉರ್ದು ಮಾತಾಡುವವರು, ನಮ್ಮ ಹತ್ತಿರ ಕನ್ನಡ. ನಾನು ಅವರನ್ನು ಭಾಯಿ ಎನ್ನುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ಬಂದು ಸುಣ್ಣದ ಗೆರೆಯ ಸುತ್ತ ಒಂದು ಸುತ್ತು ಹಾಕಿ ನನ್ನ ಕಾಗದ ನೋಡಿದರು.

"ಅಕ್ಕ, ಯಾವ ಇಂಜಿನಿಯರ್ ಬರ್ದಿದ್ದು ಇದು?"

"ಇಂಜಿನಿಯರ್ ಅಲ್ಲ ಭಾಯಿ, ಟೈಲರ್."

"ಎರಡೂ ಒಂದೇ ಅಕ್ಕ. ಅಳತೆ ತಪ್ಪಿದ್ರೆ ಇಬ್ರಿಗೂ ಬೈಗುಳ ಗ್ಯಾರಂಟಿ."

ಅವರು ಕಬ್ಬಿಣದ ಪೈಪುಗಳನ್ನು ಒಂಬತ್ತಡಿಗೆ ಕತ್ತರಿಸಿ ಕಣದ ಪಕ್ಕ ಜೋಡಿಸಿಟ್ಟರು. ಇಪ್ಪತ್ತು ದಿನ ಬಿಟ್ಟು ಬಂದು ನಿಲ್ಲಿಸಿಕೊಡುತ್ತೇನೆ ಎಂದು ಹೇಳಿ ಹೋದರು. ನಾನು ಕಿಟಕಿಯ ಪರದೆಗೆ ಹಳದಿ ಹೂವಿನ ಬಟ್ಟೆ ತಂದು ಅಂಚು ಮಡಿಸಿ ಹೊಲಿದೂ ಆಯಿತು.

ಅಷ್ಟರಲ್ಲಿ ರಾಗಿ ಕಣಕ್ಕೆ ಬಂದು, ತೆನೆಯ ಮೇಲೆ ಕಲ್ಲಿನ ಗುಂಡು ಉರುಳಿಸಿ ಕಾಳು ಬೇರೆಯಾಗಿ, ಹುಲ್ಲು ರಾಶಿ ಬಿತ್ತು. ಶೆಡ್ಡು ಏಳುವವರೆಗೂ ಅದನ್ನು ಹಾಗೇ ಬಿಡಲಾಗದು. ತಾತ್ಕಾಲಿಕಕ್ಕೆ ಒಂದು ಮೆದೆ ಹಾಕಬೇಕಾಯಿತು. ಆಗ ಮಾವ ಯಾರ ಮಾತನ್ನೂ ಕಾಯದೆ ಪಂಚೆ ಎತ್ತಿ ಕಟ್ಟಿದರು. ಮಾವ ಮೆದೆ ಹಾಕುವುದನ್ನು ನಾನು ನೋಡಿದ್ದು ಅದೇ ಮೊದಲು. ಕೆಳಗಿನಿಂದ ನಾವು ಕಟ್ಟುಗಳನ್ನು ಎಸೆಯುತ್ತಿದ್ದೆವು. ಅವರು ಮೇಲೆ ನಿಂತು ಎರಡು ಕೈಯನ್ನೂ ಎತ್ತಿ ಹಿಡಿದು, ಬಿಡಿಸಿ ಹರಡಿ, ಗುಂಡಗೆ ಸುತ್ತು ಹಾಕುತ್ತಾ ತುಳಿಯುತ್ತಿದ್ದರು. ಹಿಮ್ಮಡಿ ಊರಿ ಒಂದು ಹೆಜ್ಜೆ, ಅದರ ಪಕ್ಕಕ್ಕೆ ಇನ್ನೊಂದು. ಮೊಳದೆತ್ತರದ ಹುಲ್ಲು ಅವರ ಕಾಲ ಕೆಳಗೆ ಗೇಣಿಗೆ ಇಳಿಯುತ್ತಿತ್ತು. ಜಕ್ಕೂರಿನ ಮೈದಾನದಿಂದ ಎದ್ದ ಪುಟಾಣಿ ವಿಮಾನವೊಂದು ತಲೆಯ ಮೇಲೆ ಸುತ್ತು ಹೊಡೆಯುತ್ತಿತ್ತು, ಕೆಳಗೆ ಮಾವ ಮೆದೆಯ ಮೇಲೆ ಸುತ್ತು ಹೊಡೆಯುತ್ತಿದ್ದರು. ಯಲಹಂಕದ ಸಂತೆಯಲ್ಲಿ ಕೊಂಡ ರೆಡಿಮೇಡ್ ಅಂಗಿ ಕೈ ಎತ್ತಿದಾಗಲೆಲ್ಲ ಕಂಕುಳಲ್ಲಿ ಹಿಡಿಯುತ್ತಿತ್ತು. ನಾಲ್ಕನೆಯ ಸಲಕ್ಕೋ ಐದನೆಯ ಸಲಕ್ಕೋ ಪರ್‌ ಎಂದು ಹರಿಯಿತು. ನಾನು ಟೈಲರಲ್ಲವೆ, ನನ್ನ ಕಣ್ಣು ಆ ಹರಿದ ಹೊಲಿಗೆಯ ಮೇಲೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

ಮಾವ ನಿಂತಿದ್ದದ್ದು ಹುಲ್ಲಿನ ಮೇಲೆ. ಅವರ ಕೈ ಇದ್ದದ್ದು ಅದರಿಂದ ಏಳಡಿ ಮೇಲೆ. ನನ್ನ ಶೆಡ್ಡಿನಲ್ಲಿ ಹುಲ್ಲಿನ ಮೇಲೆ ಇದ್ದದ್ದು ತಗಡು.

ಮೂರಡಿ ತುಳಿಯುವಷ್ಟರಲ್ಲಿ ಅವರ ತಲೆ ಶೀಟಿಗೆ ಬಡಿಯುತ್ತದೆ. ಆಮೇಲೆ ತುಂಬುವುದೆಲ್ಲ ತುಳಿಯದ ಹುಲ್ಲು. ತುಳಿಯದ ಹುಲ್ಲಿಗೆ ಎಷ್ಟು ಜಾಗವಿದ್ದರೂ ಸಾಲದು. ನಾನು ಅಳತೆ ತೆಗೆದದ್ದು ಮಾವ ತುಳಿದು ಕೂರಿಸಿದ ಮೆದೆಯದು. ಮೂರರಲ್ಲಿ ಒಂದು ಪಾಲು ಹುಲ್ಲು ಶೆಡ್ಡಿನಲ್ಲಿ ಹಿಡಿಯದೆ ಉಳಿಯುತ್ತದೆ, ಉಳಿದದ್ದು ಎಲ್ಲಿಗೆ ಬರುತ್ತದೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಬಟ್ಟೆಯ ಅಳತೆ ತೆಗೆದುಕೊಂಡು ಹಾಕಿಕೊಳ್ಳುವವರ ಅಳತೆಯನ್ನೇ ಮರೆತಿದ್ದೆ. ಸುಣ್ಣದ ಗೆರೆಯ ಮೇಲೆ ಮೂರು ತಿಂಗಳು ಓಡಾಡಿದರೂ ಯಾರಿಗೂ ಇದು ಹೊಳೆದಿರಲಿಲ್ಲ, ಏಕೆಂದರೆ ಗೆರೆಯ ಶೆಡ್ಡಿಗೆ ಚಾವಣಿಯೇ ಇರಲಿಲ್ಲ.

ಎರಡು ದಿನ ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಪೈಪು ಬದಲಾಯಿಸಬೇಕು, ಕೆಲಸ ನಿಲ್ಲುತ್ತದೆ, ಅಷ್ಟರಲ್ಲಿ ಮುಂಗಾರು ಬರುತ್ತದೆ, ತಾತ್ಕಾಲಿಕದ ಮೆದೆ ಅದನ್ನು ತಡೆಯುವುದಿಲ್ಲ, ಈ ವರ್ಷವೂ ಹುಲ್ಲು ಕೋಣೆಗೆ. ಹೇಳದಿದ್ದರೆ ಶೆಡ್ಡು ಏಳುತ್ತದೆ, ಆದರೆ ಪ್ರತಿ ವರ್ಷವೂ ಒಂದು ಪಾಲು ಹುಲ್ಲು ಕೋಣೆಗೆ. ಎತ್ತ ತಿರುಗಿದರೂ ಏಟು ನನ್ನ ಕೋಣೆಗೇ. ಅದರ ಮೇಲೆ ತಪ್ಪು ನನ್ನದು ಎಂದು ಒಪ್ಪಿಕೊಳ್ಳುವ ನಾಚಿಕೆ ಬೇರೆ. ಹೊಲಿಗೆ ಬಿಟ್ಟಿದೀರಾ ಎಂದು ಗಂಡನಿಗೆ ಬುದ್ಧಿ ಹೇಳಿದ ಬಾಯಿ ಇದು. ಕೊನೆಗೆ ಒಂದು ವರ್ಷದ ಕಷ್ಟ ಮೇಲೆಂದು ತೀರ್ಮಾನಿಸಿದೆ. ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಹೇಳಿದೆ.

"ಶೆಡ್ಡಿನ ಅಳತೆ ತಪ್ಪಿದೆ. ತಪ್ಪು ನನ್ನದೇ. ಅದರಲ್ಲಿ ಮಾವ ನಿಂತು ತುಳಿಯೋಕೆ ಜಾಗ ಇಲ್ಲ."

ಯಾರೂ ಬೈಯಲಿಲ್ಲ. ಮಾವ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಸೊಸೆಗೆ ನನ್ನ ಮೇಲೆ ಎಷ್ಟು ಕಾಳಜಿ ಎಂದು ಅವರ ಮುಖವೆಲ್ಲ ಹೇಳುತ್ತಿತ್ತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಯಜಮಾನರಂತೂ, "ನಾವ್ಯಾರೂ ಅಪ್ಪನ್ನ ನೆನೆಸ್ಕೊಳ್ಳಲೇ ಇಲ್ಲ ನೋಡು," ಅಂದುಬಿಟ್ಟರು. ನಾನು ಹೇಳಿದ್ದು ಕೋಣೆಗೋಸ್ಕರ. ಆದರೆ ಆ ಮೂರು ಮುಖ ನೋಡಿ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಅವತ್ತು ಮಧ್ಯಾಹ್ನ ಮಾವ ತಾವಾಗಿಯೇ ಬಂದು ಕೋಣೆಯ ಗೋಡೆಗೆ ಒರಗಿ ಕೈ ಎತ್ತಿ ನಿಂತರು. ನಾನು ಸ್ಟೂಲು ಹತ್ತಿ ಟೇಪು ಇಳಿಬಿಟ್ಟೆ. ಅಂಗಾಲಿನಿಂದ ಬೆರಳ ತುದಿಗೆ ಏಳಡಿ, ಅದರ ಮೇಲೆ ಎರಡು ಬೆರಳು. ಆ ಮೇಲೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಕತ್ತರಿಸಿ, ಮಿಷನ್ನಿನಲ್ಲೇ ಹೊಲಿದು, ಪುಟ್ಟ ಶೆಡ್ಡೊಂದನ್ನು ಮಾಡಿದೆ. ಶೀಟು ಹೆಚ್ಚಿಗೆ ಇಲ್ಲ. ಬಟ್ಟೆ ಸಾಲದಿದ್ದಾಗ ನಾವು ತೋಳಿನಲ್ಲಿ ಉಳಿಸಿ ಮೈಗೆ ಹಾಕುವುದಿಲ್ಲವೇ, ಹಾಗೆ. ಗೋಡೆಯ ಶೀಟು ಎಂಟಡಿಗೇ ನಿಲ್ಲಲಿ, ಕಂಬ ಮಾತ್ರ ಹದಿಮೂರಡಿಗೆ ಏರಲಿ, ಚಾವಣಿಯ ಎರಡು ಇಳಿಜಾರು ಕೂಡುವ ನಡುವಿನ ಏಣು ಹದಿನೈದೂವರೆಗೆ. ಗೋಡೆಗೂ ಚಾವಣಿಗೂ ನಡುವೆ ಸುತ್ತಲೂ ತೆರೆದ ಜಾಗ, ಅದಕ್ಕೆ ಬಿದಿರಿನ ತಟ್ಟಿ. ಗಾಳಿ ಆಡಿದರೆ ಹುಲ್ಲು ಬೆವರುವುದಿಲ್ಲ. ಮಾವ ಕ್ಯಾಲೆಂಡರ್ ಶೆಡ್ಡನ್ನು ಅಂಗೈಯಲ್ಲಿಟ್ಟುಕೊಂಡು ಊದಿ ನೋಡಿದರು. ಗಾಳಿ ಈ ಕಡೆಯಿಂದ ಆ ಕಡೆ ಹೋಯಿತು.

"ಇದಾದ್ರೆ ಸರಿ," ಅಂದರು. ಅದನ್ನು ಒಯ್ದು ದೇವರ ಗೂಡಿನ ಪಕ್ಕದಲ್ಲಿ ಇಟ್ಟರು.

ಮೇಸ್ತ್ರಿ ಭಾಯಿ ಬಂದು ತಲೆ ಕೆರೆದುಕೊಂಡರು. ಕತ್ತರಿಸಿದ ಪೈಪಿಗೆ ತುಂಡು ಸೇರಿಸಿದರೆ ಕಂಬಕ್ಕೆ ಬಲ ಇರುವುದಿಲ್ಲ, ಉದ್ದದ ಪೈಪು ಹುಡುಕಬೇಕು, ಈ ಪೈಪುಗಳನ್ನು ಬೇರೆ ಕೆಲಸಕ್ಕೆ ಒಯ್ಯುತ್ತೇನೆ, ಆದರೆ ಕೈಯಲ್ಲಿ ಬೇರೆ ಕೆಲಸ ಒಪ್ಪಿಕೊಂಡಾಗಿದೆ. "ದಸರಾ ಆದ್ಮೇಲೇನೇ ಅಕ್ಕ," ಅಂದರು. ಹಳದಿ ಪರದೆಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದೆ. ಅವತ್ತು ನಾನು ಊಟ ಸರಿಯಾಗಿ ಮಾಡಲಿಲ್ಲ.

ಮೇ ತಿಂಗಳ ಕೊನೆಗೆ ಮೋಡ ಕಟ್ಟತೊಡಗಿತು. ಅತ್ತೆ ಹಗ್ಗ ತೆಗೆದುಕೊಂಡು, ಹುಲ್ಲನ್ನು ಕೋಣೆಗೆ ಸೇರಿಸೋಣ ಎಂದು ಹೊರಟರು. ಮಾವ ಕಣದಲ್ಲಿ ಅಡ್ಡ ನಿಂತರು.

"ಒಂದೆಳೆ ಉಲ್ಲೂ ಆ ಕೋಣೆಗೆ ಓಗ್ಬಾರ್ದು. ಮೆದೆ ನಾನ್ ಆಕಿದೀನಿ."

"ಮಳೆ ಒಳಗಿಳಿದ್ರೆ?" ಅತ್ತೆ ಕೇಳಿದರು.

"ಇಳಿದ್ರೆ ವರ್ಸೆಲ್ಲಾ ಅಸುಗೆ ನಾನೇ ತಲೆ ಮೇಲೆ ಸೊಪ್ಪು ಒತ್ಕೊಂಡ್ ಬತ್ತೀನಿ."

ತಾತ್ಕಾಲಿಕಕ್ಕೆ ಹಾಕಿದ ಮೆದೆಯ ತುದಿಯನ್ನು ಅವರು ಮತ್ತೆ ಬಿಚ್ಚಿದರು. ಎರಡು ದಿನ ಕೂತು ಎಳೆ ಎಳೆಯಾಗಿ ಇಳಿಜಾರು ಮಾಡಿ, ಹುಲ್ಲಿನದೇ ಹಗ್ಗ ಹೊಸೆದು ಸುತ್ತಿ ಬಿಗಿದರು. ಮೂರನೆಯ ದಿನ ಸಂಜೆ ಮಳೆ ಹೊಡೆಯಿತು. ಎಂಥ ಮಳೆ ಅಂದರೆ, ಅಂಗಳದ ನೀರು ಜಗಲಿಗೆ ಹತ್ತಿತು. ಮಾರನೆಯ ಬೆಳಿಗ್ಗೆ ಎದ್ದವಳೇ ನಾನು ಓಡಿಹೋಗಿ ಮೆದೆಗೆ ಭುಜದವರೆಗೂ ಕೈ ತೂರಿಸಿದೆ. ಒಳಗೆ ಒಣಗಿತ್ತು, ಬೆಚ್ಚಗಿತ್ತು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ತಿರುಗಿ ಬಂದರೆ ಪಡಸಾಲೆಯಲ್ಲಿ ಮಿಷನ್ನಿಲ್ಲ. ಧೂಳು ತಾಳಲಾರದೆ ಅದನ್ನು ನಾನು ಚಳಿಗಾಲದಲ್ಲೇ ಅಲ್ಲಿಗೆ ಎಳೆದುಕೊಂಡು ಬಂದಿದ್ದೆ. ಮಾವ ತಲೆಗೆ ಹುಲ್ಲಿನ ಸಿಂಬೆ ಸುತ್ತಿಕೊಂಡು ಮಿಷನ್ನಿನ ಕಬ್ಬಿಣದ ಕಾಲನ್ನು ಹೊರೆಯ ಹಾಗೆ ಹೊತ್ತು ಕೋಣೆಗೆ ಸಾಗಿಸಿದ್ದರು. ಕೋಣೆ ಗುಡಿಸಿತ್ತು, ಸಾರಿಸಿತ್ತು. ಕಿಟಕಿಯ ಹತ್ತಿರ ಮಿಷನ್ನು ಕೂರಿಸಿ, ಕೆಳಗೆ ಬಗ್ಗಿ, ಚಕ್ರಕ್ಕೆ ಸುತ್ತಿಕೊಂಡಿದ್ದ ಹಳೆಯ ಹುಲ್ಲಿನ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು.

"ಬೆಳಕು ಈ ಕಡೆಯಿಂದ ಬಂದ್ರೆ ಆಯ್ತದಾ, ಇಲ್ಲಾ ಆ ಕಡೆ ತಿರುಗಿಸ್ಲಾ?" ಎಂದು ಕೇಳಿದರು.

ಇರಲಿ ಮಾವ, ಸರಿಯಾಗಿದೆ ಅಂದೆ. ಅವರ ಮುಂದೆ ನಾನು ಕಳ್ಳಿಯ ಹಾಗೆ ನಿಂತಿದ್ದೆ. ಆ ಕೋಣೆಯಲ್ಲಿ ಕೂತು ಹೊಲಿಯುವಾಗಲೆಲ್ಲ ಸಂತೋಷವೂ ಆಗುತ್ತಿತ್ತು, ಅದರ ಬೆನ್ನಿಗೇ ಈ ಚುರುಕೂ ಮುಟ್ಟುತ್ತಿತ್ತು.

ದಸರಾ ಕಳೆದ ಮೇಲೆ ಭಾಯಿ ಮಾತಿಗೆ ತಪ್ಪದೆ ಬಂದು, ಕ್ಯಾಲೆಂಡರ್ ಶೆಡ್ಡನ್ನು ಮುಂದೆ ಇಟ್ಟುಕೊಂಡು ನಿಜವಾದದ್ದನ್ನು ನಿಲ್ಲಿಸಿದರು. ಅತ್ತೆ ಬಾಗಿಲಲ್ಲಿ ಮತ್ತೆ ತಾವರೆ ಬಿಡಿಸಿದರು. ಪೋಸ್ಟಿನವರು 'ಈಗ ನಂಗೂ ಗೋಡೆ ಕಾಣ್ತಿದೆ ಅಮ್ಮ' ಎಂದು ನಕ್ಕರು. ಮುಂದಿನ ಸುಗ್ಗಿಗೆ ಹುಲ್ಲು ತುಂಬುವ ದಿನ ಮಾವ ಮೇಲೆ, ನಾನು ಕೆಳಗೆ. ಯಜಮಾನರು ಪಾಳಿಗೆ ಹೋಗಿದ್ದರು, ಅತ್ತೆ ಅಡುಗೆಗೆ ಹೋಗಿದ್ದರು. ಹುಲ್ಲು ಎಂಟಡಿಗೆ ಏರಿದಾಗ ಮಾವ ನಡುವೆ ನಿಂತು ಎರಡು ಕೈಯನ್ನೂ ಮೇಲಕ್ಕೆ ಎತ್ತಿ ತೋರಿಸಿದರು. ಬೆರಳಿಗೂ ತಗಡಿಗೂ ನಾಲ್ಕು ಬೆರಳು ಅಂತರವಿತ್ತು. ಅಂಗಿಯ ಕಂಕುಳು ಮಾತ್ರ ಮತ್ತೆ ಹರಿದಿತ್ತು.

ಇನ್ನು ಒಳಗಿಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

"ಮಾವ, ಅವತ್ತು ಎತ್ತರ ಸಾಲಲ್ಲ ಅಂತ ನಾನು ಹೇಳಿದ್ದು ನಿಮಗೋಸ್ಕರ ಅಲ್ಲ. ಹುಲ್ಲು ಮಿಕ್ಕಿದ್ರೆ ನನ್ನ ಕೋಣೆಗೆ ಬರತ್ತೇಂತ ಹೇಳಿದ್ದು."

ಅವರು ತುಳಿಯುವುದನ್ನು ನಿಲ್ಲಿಸಲಿಲ್ಲ. ಒಂದು ಸುತ್ತು ಮುಗಿಸಿಕೊಂಡು ನನ್ನ ನೇರಕ್ಕೆ ಬಂದಾಗ ಹೇಳಿದರು.

"ಗೊತ್ತು ಕಣಮ್ಮ."

"ಗೊತ್ತಾ? ಯಾವತ್ತಿಂದ?"

"ಅವತ್ತಿಂದ್ಲೇ. ಕಾಪಿ ಕುಡೀವಾಗ ನೀನು ನನ್ ಮುಖ ನೋಡ್ಕೊಂಡ್ ಯೋಳ್ಲಿಲ್ಲ, ಕೋಣೆ ಬಾಗ್ಲು ನೋಡ್ಕೊಂಡ್ ಯೋಳ್ದೆ."

ನಾನು ನಾಚಿಕೆಯಿಂದ ನೆಲ ನೋಡಿದೆ. ಮೇಲಿನಿಂದ ಅವರ ನಗು ಕೇಳಿಸಿತು.

"ಯಾವ್ದುಕ್ಕಾದ್ರೂ ಯೋಳಿರು, ಏನಂತೆ. ಎಪ್ಪತ್ ವರ್ಸ್‌ದಾಗೆ ಟೇಪು ಇಡ್ಕೊಂಡು ನನ್ ಅಳ್ತೆ ತಗೊಂಡೋಳು ನೀನೊಬ್ಳೆ. ಅಂಗೀನೂ ಸಂತೆಲಿ ಸಿಕ್ಕಿದ್ದ ತೊಟ್ಕೊಂಡೋನು ನಾನು. ಎಸಿ, ಎಸಿ, ಒತ್ತಾಯ್ತು."

ನಾನು ಕಟ್ಟು ಎಸೆದೆ, ಅವರು ಕೈ ಎತ್ತಿ ಹಿಡಿದರು. ಆ ವಾರ ಗಂಗಾನಗರದ ರವಿಕೆಗಳೆಲ್ಲ ಕಾದವು. ಹಳದಿ ಪರದೆಯ ಕಿಟಕಿಯ ಹತ್ತಿರ ಕೂತು ನಾನು ಮಾವನಿಗೆ ಒಂದು ಅಂಗಿ ಹೊಲಿದೆ, ಕೈ ಎಷ್ಟು ಮೇಲೆತ್ತಿದರೂ ಕಂಕುಳಲ್ಲಿ ಹಿಡಿಯದ ಹಾಗೆ.